ಲಂಡನ್ನಿನ ಹುಡುಗ ಕಲಿಸಿದ ಅರ್ಥಗಾರಿಕೆ

ಬೇರೆಯವರ ಮನೆಗೆ ಹೊಸ ಹಾಡು ಬಂದರೆ ಅವರು ಕೇಳುತ್ತಾರೆ, ತಲೆದೂಗುತ್ತಾರೆ, ಮರೆಯುತ್ತಾರೆ. ನಮ್ಮ ಮನೆಗೆ ಬಂದರೆ ಮಾತ್ರ ಅದು ಜೊತೆಗೊಂದು ಫಜೀತಿಯನ್ನೂ ಕೈಹಿಡಿದು ಕರೆತರುತ್ತದೆ. ಈ ಸಲ ಬಂದದ್ದು ಲಂಡನ್ನಿನ ಒಬ್ಬ ರ‍್ಯಾಪ್ ಹುಡುಗ. ಹಾಡುವುದೂ ಅವನೇ, ಸಂಗೀತ ಕೂಡಿಸುವುದೂ ಅವನೇ. ಅವನು ಮಾಡಿದ್ದನ್ನು ‘ಮಿಕ್ಸ್‌ಟೇಪ್’ ಎನ್ನುತ್ತಾರಂತೆ, ಅದರಲ್ಲಿ ಟೇಪು ಎಲ್ಲೂ ಇಲ್ಲ. ದೊಡ್ಡ ದೊಡ್ಡ ವಿಮರ್ಶಕರು ಅದನ್ನು ತಲೆಯ ಮೇಲೆ ಹೊತ್ತು ಕುಣಿದಿದ್ದಾರಂತೆ. ಇದೆಲ್ಲ ನನಗೆ ಹೇಳಿದವಳು ನನ್ನ ಮಗಳು.

ನಾನು ಬಹರೈನಿನ ಜುಫೈರಿನಲ್ಲಿ ಒಂದು ಹೋಟೆಲಿನ ಸ್ಟೋರ್ ಮ್ಯಾನೇಜರ್. ವಾಸ ಮಾಹೂಝ್‌ನ ಫ್ಲ್ಯಾಟಿನಲ್ಲಿ. ಹುಚ್ಚು ತಾಳಮದ್ದಳೆಯದ್ದು. ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಕುಳಿತಲ್ಲೇ ಪಾತ್ರವಾಗಿ ವಾದ ಮಾಡಬೇಕು, ಬಾಯಿಪಾಠ ಮಾಡಿ ಬರುವಂತಿಲ್ಲ. ಆ ಮಾತಿಗೇ ‘ಅರ್ಥ’ ಎನ್ನುವುದು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಇದಕ್ಕೆ ಇಟ್ಟ ಹೆಸರು ‘ಅಂಕಲ್ಸ್ ಫೈಟಿಂಗ್’. ಒಮ್ಮೆಯೂ ಕೊನೆಯವರೆಗೆ ಕೂತವಳಲ್ಲ. ಒಂದೇ ಒಂದು ಸಲ ಅವಳು ಎದ್ದು ಹೋಗದೆ ನನ್ನ ಅರ್ಥ ಕೇಳಬೇಕು. ನನಗಿದ್ದ ಆಸೆ ಇಷ್ಟೇ.

ಗಾಡಿ ಕೆಟ್ಟದ್ದು

ಒಂದು ಬೆಳಿಗ್ಗೆ ಮಗಳು ಶಾಲೆಯ ಎದುರು ಇಳಿಯುವಾಗ ನನ್ನ ಮೊಬೈಲಿನಲ್ಲಿ ಆ ಮಿಕ್ಸ್‌ಟೇಪ್ ಹಚ್ಚಿ ಹೋದಳು. ಒಂದು ಹಾಡು ಆಯಿತು. ಆಮೇಲೆ ಸದ್ದಿಲ್ಲ. ಮುಗಿಯಿತು ಎಂದುಕೊಂಡು ಮುಂದೆ ಹೋದೆ. ಸಿಗ್ನಲ್ ದಾಟಿದ್ದೇ ತಡ, ಕಾರಿನ ಒಳಗಿಂದ ಕಟಕಟ, ಕರ್ರ್, ಧಡ್ ಎಂದು ಸದ್ದು ಶುರುವಾಯಿತು. ಸೀದಾ ಗ್ಯಾರೇಜಿಗೆ ಬಿಟ್ಟೆ.

ಮೆಕ್ಯಾನಿಕ್ ನಮ್ಮ ಪುತ್ತೂರಿನ ಕಡೆಯವರು. ಬಾನೆಟ್ ಎತ್ತಿ, ಕಿವಿ ಕೊಟ್ಟು, ತಲೆ ಕೆರೆದುಕೊಂಡರು. “ಒಮ್ಮೆ ಇಂಜಿನ್ ಆಫ್ ಮಾಡಿ ಸಾರ್” ಎಂದರು. ಮಾಡಿದೆ. ಇಂಜಿನ್ ನಿಂತಿತು, ಕಟಕಟ ನಿಲ್ಲಲಿಲ್ಲ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಕಟಕಟದ ನಡುವಿನಿಂದ ಯಾರೋ ಇಂಗ್ಲಿಷಿನಲ್ಲಿ ಬೈಯತೊಡಗಿದರು.

ಮೆಕ್ಯಾನಿಕ್ ನಿಧಾನವಾಗಿ ಬಾನೆಟ್ ಮುಚ್ಚಿ ಹೇಳಿದರು, “ಇಂಜಿನ್‌ಗೆ ಎಂತದೂ ಆಗ್ಲಿಲ್ಲ ಸಾರ್. ಹಾಡು ರಿಪೇರಿ ನಮ್ಮಲ್ಲಿ ಇಲ್ಲ.”

ಭಾಗವತರ ತೀರ್ಪು

ಸಂಜೆ ಮಗಳಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. ಆ ಸದ್ದು ಅವನು ಮನೆಯ ಹಳೇ ವಾಷಿಂಗ್ ಮೆಷಿನ್ನಿನಿಂದ ಹಿಡಿದದ್ದಂತೆ. “ಬೆಸ್ಟ್ ಟ್ರ್ಯಾಕ್ ಅದು ಅಪ್ಪ!” ಎಂದಳು. ನನಗೆ ಕುತೂಹಲ ಹುಟ್ಟಿತು. ಇನ್ನೊಮ್ಮೆ ಕೇಳಿದೆ. ಎಲಾ ಇವನ! ಮಾತು ಎಲ್ಲಿ ಎತ್ತುತ್ತಾನೆ, ಎಲ್ಲಿ ಇಳಿಸುತ್ತಾನೆ, ತನ್ನನ್ನೇ ತಾನು ಹೇಗೆ ಪ್ರಶ್ನೆ ಕೇಳುತ್ತಾನೆ! ಇದು ನಮ್ಮ ಜಾತಿಯ ಪ್ರಾಣಿಯೇ ಅನಿಸಿತು.

ಶುಕ್ರವಾರ ಬುದಯ್ಯದಲ್ಲಿ ನಮ್ಮ ತಾಳಮದ್ದಳೆ ಸಂಘದ ಅಭ್ಯಾಸ. ನಮ್ಮ ಭಾಗವತರಿಗೆ ಕೇಳಿಸಿದೆ. ಅವರು ಹಗಲು ಒಂದು ಕಂಪನಿಯ ಅಕೌಂಟ್ಸ್ ನೋಡುವವರು. ಸಿನಿಮಾ ಹಾಡನ್ನೂ ಕೇಳದ ಕಟ್ಟುನಿಟ್ಟಿನ ಮನುಷ್ಯ. ಮುಖ ಹಿಂಡಿಕೊಂಡೇ ಕೂತರು. ಸ್ವಲ್ಪ ಹೊತ್ತಿಗೆ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಹಾಡುವವನು ತಾಳ ಬಿಟ್ಟು ಎಲ್ಲಿಗೋ ಹೋದ. ಭಾಗವತರು “ಬಿದ್ದ, ಬಿದ್ದ” ಎಂದು ಕೈ ಮೇಲೆತ್ತಿದರು. ಅವನು ಸುತ್ತು ಹೊಡೆದು ಸರಿಯಾಗಿ ತಾಳದ ಪೆಟ್ಟಿಗೇ ಬಂದು ನಿಂತ.

“ಅಬ್ಬ! ಯಾವ ಮೇಳದವ ಮಾರಾಯ್ರೇ ಇವ?” ಎಂದರು ಭಾಗವತರು.

“ಮೇಳ ಇಲ್ಲ. ಲಂಡನ್ನಿನವ.”

“ಹಾಳಾಯ್ತು” ಎಂದು ಅವರು ನಿಟ್ಟುಸಿರು ಬಿಟ್ಟರು. “ಊರಿನ ಮೇಳದವ ಆಗಿದ್ರೆ ಮಳೆಗಾಲಕ್ಕೆ ಆಟ ನಿಂತಾಗ ಖಾಲಿ ಇರ್ತಿದ್ದ, ವೀಸಾ ಮಾಡಿ ಕರೆಸ್ಬಹುದಿತ್ತು.”

ಯಾರು ಹೋದದ್ದು?

ಇದೇ ಸರಿಯಾದ ಸಮಯ ಎಂದು ನಾನು ಮಗಳ ಜೊತೆ ಒಪ್ಪಂದ ಮಾಡಿಕೊಂಡೆ. ಅವಳ ಮಿಕ್ಸ್‌ಟೇಪನ್ನು ನಾನು ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಹಾರಿಸದೆ ಕೇಳಬೇಕು. ಅದಾದರೆ ಸಂಘದ ವಾರ್ಷಿಕ ತಾಳಮದ್ದಳೆಗೆ ಅವಳು ಬಂದು ಕೊನೆಯವರೆಗೆ ಕೂರಬೇಕು. “ಡೀಲ್” ಎಂದಳು.

ಸೋಫಾದಲ್ಲಿ ಅಪ್ಪ ಮಗಳು ಕೂತೆವು. ಮೆಟ್ಟಿಲು ಹತ್ತುವ ಸದ್ದು, ಕೆಟಲ್ ಕುದಿಯುವ ಸದ್ದು, ಅವನ ಅಜ್ಜಿ ಫೋನಿನಲ್ಲಿ ರೆಕಾರ್ಡ್ ಮಾಡಿ ಬಿಟ್ಟ ಮಾತು, ಎಲ್ಲವನ್ನೂ ಆ ಹುಡುಗ ಹಾಡು ಮಾಡಿದ್ದ. ಒಂದು ಕಡೆ ಅವನು ಮನೆ ಬಿಟ್ಟುಹೋದ ಅಪ್ಪನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಬೈದು ಬೈದು, “ಯಾಕೆ ಹೋದೆ?” ಎಂದು ಕೇಳಿ ಥಟ್ಟನೆ ಸುಮ್ಮನಾಗುತ್ತಾನೆ. ಬರೀ ಉಸಿರಾಟ. ಮೊಬೈಲ್ ಕೆಟ್ಟಿತೆಂದು ನಾನು ಕೈ ಚಾಚಿದರೆ ಮಗಳು ಕೈ ಹಿಡಿದುಕೊಂಡಳು. “ಕೇಳಪ್ಪ” ಎಂದಳು. ಉತ್ತರ ಬರಲೇ ಇಲ್ಲ. ಆ ಉತ್ತರವಿಲ್ಲದ ಜಾಗದಲ್ಲಿ ನನಗೆ ಕಣ್ಣೀರು ಬಂದೇಬಿಟ್ಟಿತು.

ಗಲ್ಫಿನ ಮನೆಗಳಲ್ಲಿ ಮೊಬೈಲ್ ಎದುರಿಟ್ಟುಕೊಂಡು ಅತ್ತರೆ ಅದಕ್ಕೆ ಒಂದೇ ಕಾರಣ. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. “ಅಯ್ಯೋ ದೇವರೇ! ಊರಿಂದ ಫೋನಾ? ಯಾರು ಹೋದದ್ದು?”

“ಯಾರೂ ಹೋಗ್ಲಿಲ್ಲ. ಲಂಡನ್ನಿನ ಹುಡುಗ ಮಾತಾಡ್ತಾ ಇದ್ದವ ಸುಮ್ಮನಾದ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಸುಮ್ಮನಾದ್ದಕ್ಕೆ ಅಳುವುದಾ? ನೀವು ಒಮ್ಮೆ ಸುಮ್ಮನಾಗಿ, ನಾನು ಪಾಯಸ ಮಾಡ್ತೇನೆ.”

ಯುದ್ಧವಿಲ್ಲದ ಪ್ರಸಂಗ

ವಾರ್ಷಿಕ ತಾಳಮದ್ದಳೆಗೆ ಭಾಗವತರು ತಾವೇ ಹೊಸೆದ ಪ್ರಸಂಗ. ರಾಜ್ಯ ನುಂಗಿದ ಅಣ್ಣನ ಪಾತ್ರ ನಮ್ಮ ಸಂಘದ ಅಧ್ಯಕ್ಷರದ್ದು, ಪಾಲು ಕೇಳಲು ಬಂದ ತಮ್ಮನದು ನನ್ನದು. ವಾದ ಮುರಿದು ಕೊನೆಗೆ ಯುದ್ಧ. ಅಧ್ಯಕ್ಷರು ಕಟ್ಟಡದ ಸಾಮಾನಿನ ವ್ಯಾಪಾರಿ. ಅವರು ಬಾಯಿ ತೆರೆದರೆ ಎದುರಾಳಿಗೆ ಉಸಿರಾಡಲೂ ಸಂದು ಸಿಗದು. ಅವರೆದುರು ಮಾತಿನಲ್ಲಿ ಗೆದ್ದವರನ್ನು ಈ ದ್ವೀಪದಲ್ಲಿ ನಾನು ಕಂಡಿಲ್ಲ. ಮಗಳು ಮಾತು ಉಳಿಸಿಕೊಂಡು ಬಂದಿದ್ದಳು. ಆದರೆ ಅಧ್ಯಕ್ಷರ ಪೀಠಿಕೆ ಮುಗಿಯುವ ಹೊತ್ತಿಗೇ ಆಕಳಿಸಿ, ಬಾಗಿಲ ಕಡೆ ನೋಡತೊಡಗಿದಳು.

ಅಷ್ಟರಲ್ಲಿ ಅಧ್ಯಕ್ಷರು ಗುಡುಗಿದರು, “ಹೇಳು ತಮ್ಮಾ, ನಾನು ನಿನಗೆ ಮಾಡಿದ ಅನ್ಯಾಯವಾದರೂ ಏನು?”

ಸಿದ್ಧ ಮಾಡಿಕೊಂಡ ವಾದವೆಲ್ಲ ನಾಲಗೆಯ ತುದಿಯಲ್ಲಿತ್ತು. ಆಗ ಲಂಡನ್ನಿನ ಹುಡುಗ ನೆನಪಾದ. ನಾನು ಬಾಯಿ ಮುಚ್ಚಿಕೊಂಡೆ. ಅಣ್ಣನ ಮುಖವನ್ನೇ ನೋಡುತ್ತಾ ಬರೀ ಉಸಿರಾಡಿದೆ.

ತಾಳಮದ್ದಳೆಯಲ್ಲಿ ಅರ್ಥಧಾರಿ ಮಾತು ನಿಲ್ಲಿಸುವುದೆಂದರೆ ಒಂದೋ ಸೋಲು, ಇಲ್ಲ ಕಾಯಿಲೆ. ಭಾಗವತರು ಬಗ್ಗಿ, “ಪಾತೆರ್ಲೆ ಮಾರಾಯ್ರೇ, ಮಾತಾಡಿ!” ಎಂದು ಪಿಸುಗುಟ್ಟಿದರು. ಯಾರೋ ನೀರು ತಂದರು. ಮುಂದಿನ ಸಾಲಿನ ಅಕ್ಕನೊಬ್ಬರು “ಶುಗರ್ ಲೋ ಆಯ್ತು ಕಾಣ್ತದೆ” ಎಂದು ಚಾಕೊಲೇಟ್ ದಾಟಿಸಿದರು. ಮಗಳೊಬ್ಬಳು ಮಾತ್ರ ನೆಟ್ಟಗೆ ಕೂತಳು.

ಅಧ್ಯಕ್ಷರಿಗೆ ಬೇರೆ ಏನನ್ನಾದರೂ ತಡೆದುಕೊಂಡು ಗೊತ್ತು, ಮೌನವನ್ನು ತಡೆದುಕೊಂಡು ಗೊತ್ತಿಲ್ಲ. “ಸುಮ್ಮನಿದ್ದೀಯಾ? ನಿನ್ನ ಮನಸ್ಸಿನಲ್ಲಿ ಇರುವುದು ನನಗೆ ತಿಳಿಯದೇ? ತಂದೆ ನಿನಗೂ ಪಾಲು ಹೇಳಿದ್ದರು ಎನ್ನುತ್ತೀ!” ಎಂದರು. ನಾನು ಸುಮ್ಮನೆ. “ಹೇಳಿದ್ದರು, ನಿಜ. ಆದರೆ ನೀನು ಚಿಕ್ಕವನಿದ್ದೆ. ಈಗ ದೊಡ್ಡವನಾದೆ ಎನ್ನುತ್ತೀ!” ನಾನು ಸುಮ್ಮನೆ. “ಆದೆ, ನಿಜ.” ಬೆವರು ಒರೆಸಿಕೊಂಡರು. ನನ್ನ ಪರವಾಗಿ ಅವರು ಎತ್ತಿದ ವಾದಗಳು ನನಗೆ ಹೊಳೆದೇ ಇರಲಿಲ್ಲ. ಅವಕ್ಕೆ ಉತ್ತರ ಕೊಡಲು ಹೋಗಿ ಅವರೇ ತಡವರಿಸಿದರು. ಕೊನೆಗೆ ಕಣ್ಣಲ್ಲಿ ನೀರು ತುಂಬಿ, ಕೂತಲ್ಲಿಂದ ಎದ್ದೇಬಿಟ್ಟು, “ಬಾ ತಮ್ಮಾ, ಈ ಸಿಂಹಾಸನ ನಿನ್ನದು!” ಎಂದು ನನ್ನನ್ನು ಅಪ್ಪಿಕೊಂಡರು.

ಭಾಗವತರು ಯುದ್ಧದ ಪದ್ಯಗಳನ್ನು ಹಿಂದೆ ಮುಂದೆ ತಿರುವಿದರು. ಯಾವುದೂ ಹೊಂದಲಿಲ್ಲ. ಗತಿಯಿಲ್ಲದೆ ಮಂಗಳ ಹಾಡಿದರು. ಯುದ್ಧಕ್ಕೆಂದೇ ಕೋಲು ಹಿಡಿದು ಕಾಯುತ್ತಿದ್ದ ಚೆಂಡೆಯವರು “ಹಾಗಾದ್ರೆ ನಾನು ಎಂತಕ್ಕೆ ಬಂದದ್ದು?” ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಮಗಳು ಎದ್ದು ಹೋಗಿರಲಿಲ್ಲ. ಮಂಗಳದವರೆಗೂ ಕೂತಿದ್ದವಳು ಈಗ ಕಣ್ಣು ಒರೆಸುತ್ತಾ ವೇದಿಕೆಗೇ ಓಡಿ ಬಂದಳು. ನಾನು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿ ಅಧ್ಯಕ್ಷರ ಹತ್ತಿರ ಹೋದಳು.

“ಅಂಕಲ್, ಅಮೇಝಿಂಗ್! ಎರಡೂ ಸೈಡ್ ನೀವೇ ಮಾತಾಡಿದ್ರಿ! ನೆಕ್ಸ್ಟ್ ಯಾವಾಗ? ನಾನು ಬರ್ತೇನೆ!”

ಅಧ್ಯಕ್ಷರು ಇನ್ನೂ ಬಿಕ್ಕುತ್ತಿದ್ದರು. ಅವಳ ತಲೆ ಸವರಿ ಹೇಳಿದರು, “ನನ್ನದು ಎಂತ ಉಂಟು ಮಗಾ? ಇವತ್ತು ಮಾತಾಡಿದ್ದು ನಿನ್ನ ಅಪ್ಪ. ಅವರ ಒಂದೊಂದು ಮಾತಿಗೂ ನನ್ನಲ್ಲಿ ಉತ್ತರ ಇರ್ಲಿಲ್ಲ.”