ಗೌಂಡಿ ಮಗಳ ಪೋರ್ಟ್‌ಫೋಲಿಯೋ

ಗಂಡಗ ಧಾರವಾಡದಿಂದ ನಾಶಿಕಕ್ಕ ವರ್ಗ ಆತು ಅಂತ ಬಂದಾಕಿ ನಾನು. ಸುಮ್ಮನ ಕೂಡಲಾರದ ಕಂಪ್ಯೂಟರ್ ಕ್ಲಾಸ್ ತಗದೆ. ಕಲಸಾಕ ನಿಂತು ಕಲತು ಕೂಡೂದು ನನ್ನ ಹಣೇಬಾರಾನ ಅದ. ವರ್ಷಕ್ಕೊಮ್ಮೆರೆ ಆಗೇ ಆಗ್ತದ.

೧. ಒಂಬತ್ತು ಪ್ರಾಜೆಕ್ಟ್

ವಿಜಾಪುರ ಕಡೆಯಿಂದ ನಾಶಿಕಕ್ಕ ದುಡಿಯಾಕ ಬಂದಿದ್ದ, ಗೋಡಿ ಕಟ್ಟೂ ಗೌಂಡಿಯೊಬ್ಬರ ಮಗಳು ನನ್ನ ಹತ್ರ ಪ್ರೋಗ್ರಾಮಿಂಗ್ ಕಲೀತಿದ್ಲು. ಸಣ್ಣ ಕಾಲೇಜು ಅಂತ ಎಲ್ಲಾ ಕಂಪನಿಯವ್ರೂ ಆಕಿನ್ನ ವಾಪಸ್ ಕಳಿಸಿದ್ರು. ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದ ಒಂದು ಕಂಪನಿ ಮಾತ್ರ, ಕಾಲೇಜು ಬ್ಯಾಡ, ಮಾಡಿದ ಕೆಲಸದ ಪೋರ್ಟ್‌ಫೋಲಿಯೋ ಆನ್‌ಲೈನ್‌ನಾಗ ತೋರಸ್ರಿ ಅಂದಿತ್ತು. ಆಕಿಗೆ ಉಳದದ್ದು ಅದೊಂದ ಬಾಗಿಲು.

"ಹತ್ತು ಪ್ರಾಜೆಕ್ಟ್ ಹಾಕವಾ," ಅಂದೆ. "ಒಂದು ನಿಂದು, ಒಂಬತ್ತು ಅಲ್ಲಿಂದಿಲ್ಲಿಂದ ಎತ್ತಿಕೊ. ಯಾರು ನೋಡ್ತಾರ?"

"ಆ ಒಂಬತ್ತರ ಬಗ್ಗೆ ಕೇಳಿದ್ರ, ಹೇಳಾಕ ನೀವು ಬರ್ತೀರೇನ್ರಿ ಮ್ಯಾಡಮ್?" ಅಂದ್ಲು.

೨. ಇಟ್ಟಂಗಿ ಲೆಕ್ಕ

ಕಡೀಗೆ ತನ್ನದ ಒಂದು ಪ್ರೋಗ್ರಾಂ ಬರದ್ಲು. ಗೋಡಿ ಉದ್ದ, ಎತ್ತರ ಹಾಕಿದ್ರ ಎಷ್ಟು ಇಟ್ಟಂಗಿ ಬೇಕಂತ ಅದು ಹೇಳ್ತಿತ್ತು. ನಮ್ಮ ಹಿತ್ತಲಿಗೆ ಅವರಪ್ಪನ ಕೈಲೆ ಗೋಡಿ ಕಟ್ಟಸೂದಿತ್ತು, ಅದರ ಅಳತಿ ಹಾಕಿದ್ವಿ. ಅವರಪ್ಪ ಕೈ ತೊಳಕೊಂಡು ಬಂದು ಕೂತ್ರು. ಮಗಳು ಲೆಕ್ಕ ಓದಿ ಹೇಳಿದ್ಲು.

"ಸಾಲಂಗಿಲ್ಲ," ಅಂದ್ರು. "ಒಡದ ಇಟ್ಟಂಗಿ ಹಿಡದಿಲ್ಲ."

ನಾನು ಬಿಡ್ತೀನೇನು? "ಕಂಪ್ಯೂಟರ್ ತಪ್ಪಂಗಿಲ್ರಿ," ಅಂದೆ.

"ಇದು ಎಂದರ ಲಾರಿಯಿಂದ ಇಟ್ಟಂಗಿ ಇಳಿಸೈತೇನ್ರಿ?"

೩. ಮೂರು ಹೆಚ್ಚು

ಹುಡುಗಿ ಲೆಕ್ಕ ತಿದ್ದಿದ್ಲು. ಸುಮ್ಮನಿದ್ಲೇನು? "ಒಡದ ಇಟ್ಟಂಗಿ ಬಿಟ್ಟಿದ್ದೆ. ತಪ್ಪು ಹಿಡಿದವರು ನಮ್ಮಪ್ಪ" ಅಂತ ಪೋರ್ಟ್‌ಫೋಲಿಯೋದಾಗ ಬರದು, ಅವರ ಫೋನ್ ನಂಬರೂ ಹಾಕಿದ್ಲು. ಗೋಡಿ ಎದ್ದು ಮೂರು ಇಟ್ಟಂಗಿ ಉಳದ್ವು. ಅದನ್ನೂ ಬರದ್ಲು.

ಆ ಪುಟ ನಾನು ಎರಡೆರಡು ಸಲ ಓದಿದೆ. ಇಷ್ಟು ವರ್ಷ ಕಲಿಸಿದ ನನ್ನ ಯಾವ ಪ್ರೋಗ್ರಾಮಿನ ನೆರಳೂ ನೆಲದ ಮ್ಯಾಲೆ ಬಿದ್ದಿರಲಿಲ್ಲ. ಆಕಿದು ಗೋಡಿಯಾಗಿ ನಿಂತಿತ್ತು, ಹಿತ್ತಲತುಂಬ ನೆರಳು. ಮತ್ತ ಇಷ್ಟೆಲ್ಲಾ ಬರದಾಕಿ, ಒಂಬತ್ತು ಕದಿ ಅಂದಾಕಿ ಯಾರಂತ ಮಾತ್ರ ಬರದಿರಲಿಲ್ಲ. ದೊಡ್ಡ ಮನಸು.

೪. ಒದ್ದು ನೋಡ್ರಿ

ಸಂಭಾಜಿನಗರದ ಆ ಕಂಪನಿ ಇಂಟರ್ವ್ಯೂಗೆ ಕರೀತು, ನಾನೂ ಜೋಡಿ ಹೋದೆ. ಸಣ್ಣ ಆಫೀಸು, ಸಾಹೇಬರು ನನ್ನನ್ನೂ ಒಳಗ ಕರದ್ರು. ಪುಟ ಪೂರ್ತಿ ಓದಿ, ಅಲ್ಲೇ ಅವರಪ್ಪಗ ಸ್ಪೀಕರ್ ಮ್ಯಾಲೆ ಫೋನ್ ಹಚ್ಚಿ, "ನಿಮ್ಮ ಮಗಳ ಪ್ರೋಗ್ರಾಂ ಹೆಂಗದ?" ಅಂತ ಹಿಂದಿಯೊಳಗ ಕೇಳಿದ್ರು.

ಬ್ಯಾರೆ ಅಪ್ಪ ಆಗಿದ್ರ ಹೊಗಳಿ ಅಟ್ಟಕ್ಕೇರಸ್ತಿದ್ದ. ಇವರು, "ಮೊದಲ ತಪ್ಪಿತ್ತು ಸಾಹೇಬ್ರ," ಅಂದ್ರು. ಹೋತು ನೌಕರಿ ಅಂದ್ಕೊಂಡೆ. ಹುಡುಗಿ ಮಾರಿ ಸಣ್ಣದಾತು.

"ಆಮ್ಯಾಲೆ ಆಕೀನ ತಿದ್ದಿದ್ಲು. ಆ ಲೆಕ್ಕದ ಮ್ಯಾಲೆ ಗ್ವಾಡಿ ಕಟ್ಟೀನಿ. ಸಂಶೆ ಇದ್ರ ಬಂದು ಒದ್ದು ನೋಡ್ರಿ."

ಸಾಹೇಬರು ಫೋನ್ ಇಟ್ರು. ವಿಚಾರ ಮಾಡಿ ತಿಳಸ್ತೀವಿ ಅಂದು ಕಳಿಸಿದ್ರು. ಬಸ್ಸಿನಾಗ ಆಕಿ ನಾಶಿಕ ಬರೂತನಕಾ ಆ ಪುಟಾನ ತಗದು ತಗದು ಓದಿದ್ಲು.

ಎಂಟು ದಿನಕ್ಕ, ನಾಶಿಕದಾಗ ಯಾರದೋ ಮದುವಿಗೆ ಬಂದಿದ್ದ ಸಾಹೇಬರು ಹುಡುಗಿಗೆ ಫೋನ್ ಮಾಡಿ, ಆಕಿ ಜೋಡಿ ಖರೇನ ನಮ್ಮ ಹಿತ್ತಲಿಗೆ ಬಂದ್ರು. ಗೋಡಿ ಸುತ್ತ ಅಡ್ಡಾಡಿದ್ರು. ಬೂಟು ಹಾಕ್ಕೊಂಡ ಕಾಲು ಎತ್ತಿ ಒದ್ದೇ ಬಿಟ್ರು.

ಗೋಡಿಗೆ ಏನೂ ಆಗಲಿಲ್ಲ. ಸಾಹೇಬರು ಕಾಲು ಹಿಡಕೊಂಡು ನೆಲದ ಮ್ಯಾಲೆ ಕೂತು, ನೋವಿನಾಗ ಹಲ್ಲು ಕಡಕೋತನ ಹುಡುಗಿಗೆ ಅಂದ್ರು:

"ಸೋಮವಾರದಿಂದ ಕೆಲಸಕ್ಕ ಬಾ."