ಸೆರಗು ಮ್ಯಾಲ, ಹೆಸರು ಒಳಗ

ಇಳಕಲ್ಲಿನ ನೇಕಾರರ ಅಭ್ಯುದಯ ಸಂಘದ ಬ್ಲಾಗಿನ್ಯಾಗ ಸೆರಗು ಮ್ಯಾಲ ಇರತಕ್ಕದ್ದು. ಇದು ಠರಾವು ಆಗೇತಿ, ಸಹಿ ಬಿದ್ದೈತಿ, ಶಿಕ್ಕಾನೂ ಹೊಡದಾರ. ಇನ್ನ ಮಾತಾಡೂದೇನೂ ಉಳದಿಲ್ಲ.

ತಪ್ಪು ಯಾರದು ಅಂದ್ರ ನಿಖತಂದ. ನೂಲಿಗಿ ಬಣ್ಣ ಹಾಕೋ ಖಾಸಿಂಸಾಬನ ನಡುವಿನ ಮಗಳು. ಡಿಗ್ರಿ ಮುಗಿಸಿ ಮನ್ಯಾಗ ಕುಂತು, ಬ್ಲಾಗು ನಡಸೋ ಒಂದು ಬಿಟ್ಟಿ ಸಾಫ್ಟವೇರಿಗಿ ಥೀಮು, ಪ್ಲಗಿನ್ನು ಅಂತ ಮಾಡ್ಕೋತ ಇದ್ಲು. ಥೀಮು ಅಂದ್ರ ಬ್ಲಾಗಿನ ಹೊರಗಿನ ರೂಪ, ಪ್ಲಗಿನ್ನು ಅಂದ್ರ ಅದಕ್ಕ ಹಚ್ಚೋ ಸಣ್ಣ ಸಲಕರಣಿ. ಓಣಿ ಹೆಣ್ಮಕ್ಕಳು ಅವರವ್ವ ಜೋಹರಾನ್ನ ಹಿಡಿದು, ನಿನ್ನ ಮಗಳು ದಿನಾ ಬಾಗಲಾ ಹಾಕ್ಕೊಂಡು ಏನ ಮಾಡ್ತಾಳ ಅಂತ ಕೇಳಿದ್ರ, "ಅದೇನೋ ಬಟನ್ ಹಚ್ಚತಾಳವಾ" ಅಂತಿದ್ಲು. ಮರುದಿನ ಇಬ್ಬರು ಜಂಪರಿನ ಅರಿವಿ ತಂದು ಕೊಟ್ಟು ಹೋದ್ರು. ಅಳತಿ ಸಮೇತ.

ಬಾಗಲಕೋಟ್ಯಾಗ ಕಂಪ್ಯೂಟರ್ ಆಫೀಸ ಇಟ್ಟ ಶಾಬುದ್ದೀನ ನಿಖತಗ ನೌಕರಿ ಕೊಡ್ತೇನಿ ಅಂದಿದ್ದ. ಒಂದ ಶರತ್ತು. ಆಕಿ ಮಾಡಿದ ಥೀಮಿನ ಮ್ಯಾಲ ಒಂದು ಬ್ಲಾಗು ಖರೇನ ನಡದಿರಬೇಕು, ಅದರಾಗ ಆಕಿ ಹೆಸರು ಕಣ್ಣಿಗಿ ಕಾಣಬೇಕು. ಮಂದೀದು ತೋರಿಸಿ ನಂದು ಅಂದವರನ್ನ ಅಂವ ಭಾಳ ನೋಡಿದ್ದ. ಹಿಂಗಾಗಿ ನಿಖತಗ ಬೇಕಾಗಿದ್ದು ಪುಟದ ಕಡೀಗಿ ಸಣ್ಣ ಅಕ್ಷರದಾಗ ಒಂದ ಸಾಲು: "ರೂಪ: ನಿಖತ, ಇಳಕಲ್ಲ". ಅಷ್ಟಕ್ಕಾಗಿ ಸಂಘಕ್ಕ ಹೋಗಿ, ನಿಮ್ಮ ಬ್ಲಾಗು ಪುಕ್ಕಟೆ ಮಾಡಿಕೊಡ್ತೇನಿ ಅಂದ್ಲು. ಪುಕ್ಕಟೆ ಅಂದ ಕೂಡ್ಲೇ ಅಧ್ಯಕ್ಷ ಹನಮಂತಪ್ಪ ಕುರ್ಚಿ ಹಾಕಿಸಿದ. ಚಾ ಮಾತ್ರ ತರಿಸಲಿಲ್ಲ.

ಕಮಿಟಿ ಕೂಡಿತು. ಹೆಡರ್, ಫುಟರ್ ಅಂತ ನಿಖತ ಶುರು ಮಾಡಿದ್ಲು. ಎಲ್ಲಾರೂ ಫ್ಯಾನ್ ನೋಡಾಕ ಹತ್ತಿದ್ರು. ಇವರಿಗಿ ತಿಳಿಯೂ ಹಂಗ ಹೇಳಬೇಕಂತ ಆ ಹುಡುಗಿ ಜಾಣತನ ಮಾಡಿತು ನೋಡ್ರಿ. "ಇದನ್ನ ಸೀರಿ ಅಂತ ತಿಳಕೋರಿ. ನಡುವ ಸುದ್ದಿ ಬರಿಯೂದು ಒಡಲು. ಬಾಜೂಕಿಂದು ದಡಿ. ಕೆಳಗಿಂದು ಸೆರಗು. ಪ್ಲಗಿನ್ನು ಅಂದ್ರ ಪಿನ್ನು."

ಅಲ್ಲೇ ಕೆಟ್ಟಿತು. ತಿಳೀಲಾರದಕ್ಕ ಗಪ್ಪ ಕುಂತ ಮಂದಿ ಸೀರಿ ಅಂದಕೂಡ್ಲೇ ಶಾಣ್ಯಾ ಆದ್ರು. ಒಂದ ಬಾಜೂಕ ದಡಿ ಐತಿ, ಇನ್ನೊಂದು ಬಾಜೂದು ಯಾರು ಕತ್ತರಿಸಿಕೊಂಡು ಹ್ವಾದ್ರು ಅಂತ ಕಾರ್ಯದರ್ಶಿ ರಾಜಕುಮಾರ ಕೇಳಿದ. ಎರಡೂ ಕಡೆ ದಡಿ ಬಂತು. ಒಡಲು ಸಣ್ಣಗಾಗಿ, ಸಾಲಿಗಿ ಎರಡ ಶಬ್ದ ಹಿಡಿಯೂವಷ್ಟ ಉಳೀತು. ಸುದ್ದಿ ಇಳಕೋತ ಇಳಕೋತ ಹೋತು. ಸೀರಿ ಉದ್ದ ಬಂದೈತಿ ಅಂತ ಹಿರಿಯರಿಗಿ ಸಮಾಧಾನ ಆತು.

ಹನಮಂತಪ್ಪ ಮಾತ್ರ ಪುಟದ ಕಡೀತನಕ ಹೋಗಿ ಹುಬ್ಬು ಗಂಟ ಹಾಕಿದ. "ಯವ್ವಾ, ಸೆರಗು ಕೆಳಗ ಯಾಕ ಬಿದ್ದೈತಿ?"

"ಕಾಕಾರಿ, ಅದು ಇರೂದ ಕೆಳಗ."

"ನಮ್ಮ ಸಂಘದ ಸೆರಗು ಮಂದಿ ಮುಂದ ನೆಲಕ್ಕ ಎಳೀಬೇಕಾ? ತಲಿ ಮ್ಯಾಲ ಹಾಕು."

ಹಾಕಿದ್ಲು. ಆದ್ರ ಬೆರಳಿಲೆ ಪುಟ ಸರಿಸಿದ್ರ ಸೆರಗು ಮ್ಯಾಲಿಂದ ಮಾಯ. ಕಮಿಟ್ಯಾಗಿದ್ದ ಒಬ್ಬಾಕೇ ಹೆಣ್ಮಗಳು ರಮಾಬಾಯಿ, "ಜಾರೇತಿ, ಪಿನ್ನ ಹಚ್ಚವಾ" ಅಂದ್ಲು. ನಿಖತ ನಿದ್ದಿಗೆಟ್ಟು ಅದಕ್ಕೊಂದು ಪ್ಲಗಿನ್ನು ಬರದ್ಲು. ಪುಟ ಎಷ್ಟ ಸರಿಸಿದ್ರೂ ಸೆರಗು ನೆತ್ತಿ ಬಿಟ್ಟು ಅಲಗಾಡೂದಿಲ್ಲ. ಖರೇ ಹೇಳಬೇಕಂದ್ರ ಪಿನ್ನು ಭಾಳ ಗಟ್ಟಿ ಇತ್ತು. ಅದ ಆಕಿ ಕುತ್ತಿಗಿಗೂ ಚುಚ್ಚಿತು.

ಯಾಕಂದ್ರ ಆಕಿ ಹೆಸರು ಇದ್ದದ್ದು ಆ ಸೆರಗಿನ್ಯಾಗ. ಸೆರಗು ಮ್ಯಾಲ ಹೋತು, ಹೆಸರೂ ಹೋತು, ಹೋಗಿ ಪುಟದ ಮ್ಯಾಲ ಹಾಕಿದ್ದ ಅಧ್ಯಕ್ಷರ ಫೋಟೋದ ನೆತ್ತಿ ಮ್ಯಾಲ ಕುಂತಿತು. ಕುಂತದ್ದಲ್ಲದ ಪಿನ್ನಿನಿಂದ ಗಟ್ಟಿ ಆಗಿ ಕುಂತಿತು. ತನ್ನ ತಲಿ ಮ್ಯಾಲ ಮತ್ತೊಬ್ಬರ ಹೆಸರು ಕುಂತದ್ದು ಹನಮಂತಪ್ಪಗ ಸೇರಲಿಲ್ಲ. ಹಂಗಾರ ಸೆರಗು ಕೆಳಗ ಇಳಸ್ತೇನಿ ಅಂದ್ಲು ನಿಖತ. ಠರಾವು ಆದ ಸೆರಗು ಇಳಿಯಾಕ ಬರೂದಿಲ್ಲ ಅಂದ್ರು ಕಮಿಟಿಯವರು. ಹೆಸರ ತಗದ ಬಿಡೂಣು ಅಂದ ಹನಮಂತಪ್ಪ. ಬಿಟ್ಟಿ ಸಾಫ್ಟವೇರಿನ ಕಾಯ್ದೆದಾಗ ಮಾಡಿದವರ ಹೆಸರು ಉಳಿಸಬೇಕಂತ ಐತಿ, ಕೋರ್ಟು ಕಚೇರಿ ಅಂತ ಹುನಗುಂದಕ್ಕ ಅಡ್ಡಾಡೂದು ಆದೀತು ಅಂತ ರಾಜಕುಮಾರ ಅಂಜಿಸಿದ. ಕಡೀಗಿ ಎಲ್ಲಾರಿಗೂ ಒಪ್ಪುವಂಥ ನ್ಯಾಯ ಆತು. ಹೆಸರು ಇರಲಿ, ಕೆಂಪು ಸೆರಗಿನ ಮ್ಯಾಲ ಕೆಂಪು ಅಕ್ಷರದಾಗ ಇರಲಿ. ಮೌಸ್ ಹಿಡಿದು ಅದರ ಮ್ಯಾಲ ಎಳದ್ರ ಕಾಣತೈತಿ, ಇಲ್ಲಂದ್ರ ಇಲ್ಲ.

ಬ್ಲಾಗಿನ ಮೊದಲನೇ ಬರಹ ಅಂತ ಪ್ರಕಟಣೆ ಬಂತು:

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಸಂಘದ ಬ್ಲಾಗಿನ ಸೆರಗು ಸದಾ ಮೇಲಿರತಕ್ಕದ್ದು. ಪಿನ್ನನ್ನು ಅಧ್ಯಕ್ಷರ ಪೂರ್ವಾನುಮತಿ ಇಲ್ಲದೆ ತೆಗೆಯತಕ್ಕದ್ದಲ್ಲ. ಸದರಿ ಸಾಫ್ಟವೇರನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದೆಂದು ತಿಳಿದುಬಂದಿದ್ದು, ಸಂಘದ ಮರ್ಯಾದೆಯ ದೃಷ್ಟಿಯಿಂದ ಯಾರೂ ಬಿಚ್ಚತಕ್ಕದ್ದಲ್ಲ. ವಿಶೇಷವಾಗಿ, ಸೆರಗಿಗೆ ಕೈ ಹಾಕತಕ್ಕದ್ದಲ್ಲ."

ನಿಖತ ಬಾಗಲಕೋಟಿಗಿ ಹೋದ್ಲು. ಶಾಬುದ್ದೀನ ಬ್ಲಾಗು ತಗದು ನೋಡಿದ, ಪಿನ್ನು ಹೊಗಳಿದ, ಪ್ರಕಟಣೆ ಸಾವಕಾಶ ಓದಿದ. "ಎಲ್ಲಾ ಛಲೋ ಐತಿ. ಹೆಸರ ಎಲ್ಲೈತಿ ತಂಗಿ?"

"ಸೆರಗಿನ್ಯಾಗ ಐತ್ರಿ ಭಾಯಿ. ಮೌಸ್ ಹಿಡಿದು ಸ್ವಲ್ಪ ಎಳೀರಿ, ಕಾಣತೈತಿ."

ಶಾಬುದ್ದೀನ ಮೌಸಿನ ಮ್ಯಾಲಿನ ಕೈ ತಗದು ತೊಡಿ ಮ್ಯಾಲ ಇಟ್ಕೊಂಡ. ಬಾಗಲಾ ತೆರದಿತ್ತು, ಕೆಲಸದವರೆಲ್ಲಾ ಈ ಕಡೆನ ನೋಡಾಕ ಹತ್ತಿದ್ರು. "ನಾ ಹೆಂಡ್ರು ಮಕ್ಕಳು ಇದ್ದಾಂವ. ಕೈ ಹಾಕಬಾರದು ಅಂತ ಬರದಾರ, ಓದೇನಿ."

ಹಂಗಾರ ನಾನ ಎಳದು ತೋರಸ್ತೇನಿ ಅಂದ್ಲು ನಿಖತ.

"ನಮ್ಮ ಆಫೀಸನ್ಯಾಗ ಅದೆಲ್ಲಾ ಬ್ಯಾಡವಾ."

ಹೆಸರು ಕಾಣಲಿಲ್ಲ, ಅದಕ್ಕ ನೌಕರಿ ಇಲ್ಲ. ಶರತ್ತು ಶರತ್ತ. ಅದರಾಗ ಶಾಬುದ್ದೀನಂದೇನು ತಪ್ಪಿಲ್ಲ, ಇಳಕಲ್ಲಿನ್ಯಾಗ ಯಾರನ್ನ ಕೇಳಿದ್ರೂ ಹಂಗ ಅಂತಾರ.

ವಾಪಸ್ ಬರೂ ಬಸ್ಸು ಹುನಗುಂದದಾಗ ನಿಂತಾಗ ಫೋನ್ ಬಂತು. ಅದೇ ಊರಾಗ ಕಾಳಿನ ದಲಾಲಿ ಮಾಡೋ ಅಡತಿ ಅಂಗಡಿ ಮಾಲಕ, ಸಂಘದವರ ಕಡಿಂದ ನಂಬರ ಇಸ್ಕೊಂಡಿದ್ದ. ಸಂಘದ ಬ್ಲಾಗು ನೋಡಿ ಮನಸ್ಸು ತುಂಬಿತಂತ, ಅಂಥಾದ ಒಂದು ಬೇಕಂತ. "ಆದ್ರ ನಮ್ಮದು ಗಂಡಸರ ಯವಾರ ತಂಗಿ. ಸೆರಗು ನಡಿಯೂದಿಲ್ಲ."

ನಿಖತ ಕಿಡಕಿ ಹೊರಗ ನೋಡಿದ್ಲು. ನಗಲಿಲ್ಲ. "ಮ್ಯಾಲ ರುಮಾಲ ಸುತ್ತತೇನ್ರಿ. ಕೆಳಗ ಲುಂಗಿ ಏನ್ರಿ, ಧೋತರ?"

"ಧೋತರ. ಕಚ್ಚಿ ಗಟ್ಟಿ ಇರಲಿ, ಆ ಪಿನ್ನೂ ಹಚ್ಚು. ಅಂದಂಗ ಮಾಡಿದವರ ಹೆಸರು ಹಾಕಬೇಕಂತಲ್ಲ? ನಮ್ಮ ಹೆಸರಿನ ಮ್ಯಾಲ ಬರೂದು ಬ್ಯಾಡ. ಕೆಳಗ ಎಲ್ಲೆರ ಒಳಗ ಸೇರಿಸಿ ಬಿಡು."

ಕೆಳಗ ಇದ್ದದ್ದು ಧೋತರ. ನಿಖತ ಒಂದಿಷ್ಟು ವಿಚಾರ ಮಾಡಿದ್ಲು.

"ಹೆಸರ ಬ್ಯಾಡ್ರಿ" ಅಂದ್ಲು.

ಭಾಳ ಮರ್ಯಾದಸ್ಥ ಹುಡುಗಿ ಅಂತ ಅಡತಿಯಂವ ಫೋನ್ ಇಟ್ಟ.