ಅವ್ವನ ದನಿಯ ಮಾಲೀಕರು

ವಿಜ್ಞಾನದ ಮೇಲೆ ನನಗೆ ಭಕ್ತಿ ಸ್ವಲ್ಪ ಜಾಸ್ತಿಯೇ. ಎಸ್ಸೆಸ್ಸೆಲ್ಸಿಯನ್ನು ಇಪ್ಪತ್ತಮೂರನೇ ವಯಸ್ಸಿನಲ್ಲಿ, ಮೀಸೆ ಸಮೇತ ಪಾಸು ಮಾಡಿದವನು ನಾನು. ತಡವಾಗಿ ಕಲಿತವರಿಗೆ ಕಲಿತದ್ದರ ಮೇಲೆ ಅನುಮಾನ ಬರುವುದಿಲ್ಲ. ಫ್ರೀವೇಯಿಂದ ಇಳಿದ ಮೇಲೆ ಫೋನು ಎಡಕ್ಕೆ ತಿರುಗು ಅಂದರೆ ತಿರುಗುತ್ತೇನೆ. ಹಾಗೆ ತಿರುಗಿ ನಮ್ಮ ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನ ಒಂದು ಬೆಳ್ಳುಳ್ಳಿ ಹೊಲದ ನಡುವೆ ಹೋಗಿ ನಿಂತಾಗಲೂ, ತಪ್ಪು ಹೊಲದವರದೇ ಇರಬೇಕು ಅಂದುಕೊಂಡಿದ್ದೆ. ಇಂಥ ನನ್ನನ್ನು ಒಂದು ಯಂತ್ರ ಕಳ್ಳ ಅಂದಿತು.

ನಡೆದದ್ದಿಷ್ಟು. ತೀರಿಹೋದ ನಮ್ಮವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳ ಒಂದು ಕ್ಯಾಸೆಟ್ಟು ನನ್ನ ಹತ್ತಿರ ಇದೆ. ನಾನೇ ಹಿಂದೆ ಬ್ಯಾಡಗಿಯ ಮನೆಯಲ್ಲಿ ರೆಕಾರ್ಡು ಮಾಡಿದ್ದು. ಅಮೆರಿಕಕ್ಕೆ ಬರುವಾಗ ತನ್ನನ್ನು ಕೇಳದೆ ಅದನ್ನು ತಂದುಬಿಟ್ಟೆನೆಂದು ಊರಲ್ಲಿರುವ ಅಕ್ಕನಿಗೆ ಇವತ್ತಿಗೂ ಸಿಟ್ಟು. ಈ ಸಲ ಅವ್ವನ ತಿಥಿಯ ದಿನ ಅವಳಿಗೆ ಆ ದನಿ ಕೇಳಿಸಿಯೇ ತೀರುತ್ತೇನೆಂದು ಮಾತು ಕೊಟ್ಟಿದ್ದೆ. ಮಗಳು ಅನಘಾ ಅದನ್ನು ಕಂಪ್ಯೂಟರಿಗೆ ಇಳಿಸಿ, ಅವ್ವನ ಫೋಟೋ ಅಂಟಿಸಿ, ವಿಡಿಯೊ ಮಾಡಿ ಇಂಟರ್‌ನೆಟ್ಟಿಗೆ ಹಾಕಿಕೊಟ್ಟಳು. ಹತ್ತೇ ನಿಮಿಷದಲ್ಲಿ, ಯಾವ ಹಾಡು ಯಾರದೆಂದು ಪರೀಕ್ಷಿಸುವ ಅಲ್ಲಿಯ ಯಂತ್ರದ ಪತ್ರ ಬಂತು: ಈ ಧ್ವನಿ ಒಂದು ಸಂಗೀತ ಕಂಪನಿಯ ಸ್ವತ್ತು, ಆದ್ದರಿಂದ ಬಂದ್ ಮಾಡಲಾಗಿದೆ.

ಅಕ್ಕ ಫೋನು ಮಾಡಿದಳು. "ಏನೋ ತಮ್ಮಾ, ಅವ್ವನ ಫೋಟೋ ಅಷ್ಟ ಕಾಣತೈತಿ. ದನಿ ಎಲ್ಲೈತೋ?"

"ಕಂಪನಿಯವ್ರು ಬಂದ್ ಮಾಡ್ಯಾರಕ್ಕ."

"ಅವ್ವನ ಬಾಯಿ ಬಂದ್ ಮಾಡೂದು ಅಪ್ಪನ ಕೈಲೇ ಆಗಲಿಲ್ಲ. ಇವ್ರು ಯಾರಪಾ?"

ನನ್ನ ಹೆಂಡತಿ ಶೈಲಾ ಮೈಸೂರಿನವಳು, ಫಾಸ್ಟರ್ ಸಿಟಿಯ ಲ್ಯಾಬಿನಲ್ಲಿ ಕೆಲಸ. ಎಲ್ಲಕ್ಕೂ ಅವಳಲ್ಲಿ ಒಂದು ಸುಲಭದ ದಾರಿ ಇರುತ್ತದೆ. "ಸುಮ್ನೆ ಫೋನಲ್ಲಿ ಕಳಿಸ್ಬಿಡಿ ರೀ" ಅಂದಳು. ಅದು ಹಿಂಬಾಗಿಲು. ಅವ್ವ ಮುಂಬಾಗಿಲಿನಿಂದಲೇ ಬರಬೇಕು ಅಂದೆ. ಆಕ್ಷೇಪಣೆ ಸಲ್ಲಿಸಲು ಒಂದು ಫಾರ್ಮು ಇತ್ತು. ಈ ಧ್ವನಿಯ ಮೇಲೆ ನಿಮಗೆ ಏನು ಹಕ್ಕು ಎಂದು ಕೇಳಿತ್ತು. "ಆಕೆ ನನ್ನ ತಾಯಿ" ಎಂದು ಒಂದೇ ಬೆರಳಿನಲ್ಲಿ ಟೈಪು ಮಾಡಿದೆ. ಅದು ಸಾಲದು ಅನ್ನಿಸಿ ಬೀಸುಕಲ್ಲಿನ ವರ್ಣನೆ, ಜೋಳದ ತಳಿ, ಎಮ್ಮೆಯ ಸ್ವಭಾವ ಇತ್ಯಾದಿ ಸೇರಿಸಿದೆ. ಎರಡು ದಿನ ಹಿಡಿಯಿತು.

ಭಾನುವಾರ ಬೆರ್ರಿಯೆಸಾದಲ್ಲಿ ಗೆಳೆಯ ಮೂರ್ತಿಯವರ ಮನೆಯಲ್ಲಿ ಊಟವಿತ್ತು. ಮೂರ್ತಿಯವರ ಹೆಸರಿನಲ್ಲಿ ಪೇಟೆಂಟುಗಳಿವೆ. ಇಂಥ ವಿಷಯದಲ್ಲಿ ಅವರ ಮಾತಿಗೆ ತೂಕ ಹೆಚ್ಚು.

"ನೋಡಿ ಬಸವರಾಜ್, ಬೀಸೋ ಪದ ಅಂದ್ರೆ ಜನಪದ. ಅದು ಯಾರ್ದೂ ಅಲ್ಲ."

"ಯಾರ್ದೂ ಅಲ್ಲಂದ್ರ ಕಂಪನೀದು ಹ್ಯಾಂಗ ಆತ್ರೀ?"

ಮೂರ್ತಿ ಒಂದು ಚಮಚ ಬಿಸಿಬೇಳೆಬಾತು ತಿಂದು, "ಗುಡ್ ಪಾಯಿಂಟು" ಅಂದರು. ಆ ಹುರುಪಿನಲ್ಲಿ ನಾನು ಎದ್ದು ನಿಂತು, ಯಂತ್ರಕ್ಕೆ ಕಿವಿ ಕೊಟ್ಟವರು ಹೃದಯ ಕೊಡಲಿಲ್ಲ, ತಾಯಂದಿರ ಕೊರಳನ್ನೂ ಕಂಪನಿಗಳು ಕದಿಯುವ ಕಾಲ ಬಂತು ಎಂದು ಮಾತಾಡಿದೆ. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬರು ಈರುಳ್ಳಿ ಹೆಚ್ಚುತ್ತಿದ್ದರು, ಅದು ಬೇರೆ.

ಮನೆಗೆ ಬರುವಾಗ ಕಾರಿನಲ್ಲಿ ಅನಘಾ ಯಂತ್ರದ ಪತ್ರವನ್ನು ಪೂರ್ತಿ ಓದಿದಳು. "ಅಪ್ಪಾ, ಡಿಡ್ ಯು ಈವನ್ ರೀಡ್ ದಿಸ್? ಇಟ್ಸ್ ನಾಟ್ ಅಜ್ಜಿ. ಓನ್ಲಿ ದ ಲಾಸ್ಟ್ ಫಾರ್ಟಿ ಸೆಕೆಂಡ್ಸ್!"

ತನ್ನ ಫೋನಿನಲ್ಲಿದ್ದ ಕಾಪಿಯ ಕೊನೆಯ ಭಾಗ ಹಾಕಿದಳು. ಅವ್ವನ ಪದ ಮುಗಿಯಿತು. ಟಕ್ ಅಂತ ಒಂದು ಸದ್ದು. ಆಮೇಲೆ ತಬಲಾ, ಹಾರ್ಮೋನಿಯಂ, ಯಾರೋ ವಿದ್ವಾಂಸರ ಭಜನೆ.

ಶೈಲಾ ಸ್ಟೀರಿಂಗ್ ಹಿಡಿದುಕೊಂಡೇ ನನ್ನತ್ತ ನೋಡಿದಳು. "ಯಾರ ಕ್ಯಾಸೆಟ್ ರೀ ಅದು?"

ನೆನಪಾಯಿತು. ನನಗೆ ಎಸ್ಸೆಸ್ಸೆಲ್ಸಿಗೆ ಪುಕ್ಕಟೆ ಪಾಠ ಹೇಳಿದ ಮಾಸ್ತರರ ಮನೆಯ ಭಜನೆಯ ಕ್ಯಾಸೆಟ್ಟು. ಒಮ್ಮೆ ಕೇಳಿ ವಾಪಸು ಇಟ್ಟುಬಿಡೋಣವೆಂದು ಅವರಿಗೆ ಹೇಳದೆ ತಂದಿದ್ದೆ. ಅಂಗಡಿಯ ಕ್ಯಾಸೆಟ್ಟಿನ ಮೇಲೆ ಯಾರೂ ರೆಕಾರ್ಡು ಮಾಡಬಾರದೆಂದು ಅದರ ನೆತ್ತಿಯಲ್ಲಿ ಎರಡು ತೂತು ಬಿಟ್ಟಿರುತ್ತಾರೆ. ಅವಕ್ಕೆ ಸೆಲ್ಲೋಟೇಪು ಅಂಟಿಸಿದರೆ ಮಾಡಬಹುದು ಎಂಬ ವಿಜ್ಞಾನ ಊರಿಗೆಲ್ಲ ಗೊತ್ತಿತ್ತು. ಅಂಟಿಸಿದೆ. ಅವ್ವನ ಪದ ಮುಗಿದ ಮೇಲೆ ಭಜನೆಯ ಬಾಲ ಅಳಿಯದೆ ಉಳಿದಿತ್ತು. ಮಾಸ್ತರರು ಕ್ಯಾಸೆಟ್ಟಿಗಾಗಿ ಒಂದು ವಾರ ಹುಡುಕಿದರು. ನಾನೂ ಜೊತೆಗೆ ಹುಡುಕಿದೆ. ಅವರ ಮಂಚದ ಕೆಳಗೆ ತೂರಿದವನು ನಾನೇ.

ನಾಳೆ ಆಕ್ಷೇಪಣೆ ವಾಪಸು ತೆಗೆದುಕೊಂಡು, ಬಾಲ ಕತ್ತರಿಸಿ ಮತ್ತೆ ಹಾಕೋಣ ಎಂದು ತೀರ್ಮಾನವಾಯಿತು. ಆದರೆ ಬೆಳಿಗ್ಗೆ ಏಳುವಷ್ಟರಲ್ಲಿ ಯಂತ್ರದ ಉತ್ತರ ಬಂದಿತ್ತು: ನಿಮ್ಮ ವಿವರಣೆ ಒಪ್ಪಿದ್ದೇವೆ, ಪೂರ್ತಿ ಧ್ವನಿ ನಿಮ್ಮದೇ. ಎಮ್ಮೆ ಕೆಲಸ ಮಾಡಿರಬೇಕು.

ತಿಥಿಯ ದಿನ ಅಕ್ಕ ಫೋನು ಮಾಡಿದಳು. ಅವ್ವನ ಪದ ಎರಡು ಸಲ ಕೇಳಿದೆನೆಂದಳು. ಆಮೇಲೆ, "ಕಡೀಕಿನ ಭಜನೀನೂ ಬಿಟ್ಟೀಯಲ್ಲೋ, ಚಲೋ ಆತು. ಕ್ಯಾಸೆಟ್ ಹಚ್ಚಿದಾಗೆಲ್ಲ, ಆ ಭಜನಿ ಬಂತಂದ್ರ ಅವ್ವ ಚಾ ಇಡಾಕ ಏಳತಿದ್ಲು. ಅದನ್ನ ತಗೀಬ್ಯಾಡ" ಅಂದಳು.

ತೆಗೆಯಲಿಲ್ಲ. ಯಂತ್ರ ತಪ್ಪು ಮಾಡಿತೆಂದು ಬೆರ್ರಿಯೆಸಾದಲ್ಲಿ ಎದ್ದು ನಿಂತು ಸಾರಿದವನು ನಾನು. ಭಜನೆಯನ್ನೂ ನನ್ನದೇ ಎಂದು ಅದು ನಿಜವಾಗಿ ತಪ್ಪು ಮಾಡಿದ ದಿನ ಮಾತ್ರ, ಮೂರ್ತಿಯವರಿಗೂ ಫೋನು ಮಾಡಲಿಲ್ಲ.